ಸಾಮಾನಿನ ರ‍್ಯಾಕಿನ ಮೇಲೆ ಮೀನಿನ ಟ್ಯಾಂಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಎರಡು ಕಬ್ಬಿಣದ ರ‍್ಯಾಕ್ ಇವೆ. ಅಂಗಡಿ, ಗೋದಾಮುಗಳಲ್ಲಿ ಸಾಮಾನು ಇಡುತ್ತಾರಲ್ಲ, ಅಂಥವೇ. ಒಂದೊಂದಕ್ಕೆ 3 ಖಾನೆ, ಖಾನೆಗೆ 2 ಟ್ಯಾಂಕ್. ಲೆಕ್ಕಕ್ಕೆ 12 ಇರಬೇಕು, ಇರುವುದು 11. ಆ ಹನ್ನೆರಡನೆಯದರ ಕಥೆ ಕೆಳಗೆ ಬರುತ್ತದೆ. ಮನೆಗೆ ಬಂದವರು ಮೀನಿನ ಬಗ್ಗೆ ಒಂದು ಮಾತು ಕೇಳಿದರೆ ರ‍್ಯಾಕಿನ ಬಗ್ಗೆ ಹತ್ತು ಕೇಳುತ್ತಾರೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸಾಮಾನಿನ ರ‍್ಯಾಕು ಮೀನಿನ ಟ್ಯಾಂಕಿನ ಭಾರ ತಡೆಯುತ್ತದೆಯೇ?

ತಡೆಯುತ್ತದೆ. ಆದರೆ ಅಕ್ಕಿ ಚೀಲ ಇಡುವುದೂ ಗಾಜಿನ ಪೆಟ್ಟಿಗೆಯಲ್ಲಿ ನೀರು ಇಡುವುದೂ ಒಂದೇ ಅಲ್ಲ. ಖಾನೆ ಅರ್ಧ ಇಂಚು ಬಾಗಿದರೆ ಅಕ್ಕಿ ಚೀಲವೂ ಅದರ ಜೊತೆ ಬಾಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಗಾಜು ಬಾಗುವುದಿಲ್ಲ. ಅದು ಸೀಳುತ್ತದೆ, ಇಲ್ಲವೇ ಮೂಲೆಯ ಸಿಲಿಕಾನ್ ಬಿಡುತ್ತದೆ. ಹೀಗಾಗಿ ರ‍್ಯಾಕು ಎಷ್ಟು ಕೆ.ಜಿ. ತಡೆಯುತ್ತದೆ ಎಂಬುದಕ್ಕಿಂತ, ಆ ಭಾರ ಬಿದ್ದಾಗ ಎಷ್ಟು ಬಾಗುತ್ತದೆ, ಎಷ್ಟು ಅಲುಗುತ್ತದೆ ಎಂಬುದನ್ನು ಮೊದಲು ನೋಡಿ.

ತುಂಬಿದ ಟ್ಯಾಂಕು ಎಷ್ಟು ತೂಗುತ್ತದೆ?

1 ಲೀಟರ್ ನೀರು 1 ಕೆ.ಜಿ. ಒಂದು ಘನ ಅಡಿಯಲ್ಲಿ 28.3 ಲೀಟರ್ ಹಿಡಿಯುತ್ತದೆ. ಇವೆರಡು ನೆನಪಿದ್ದರೆ ಸಾಕು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಎಂದರೆ 2 ಘನ ಅಡಿ, ಅಂದರೆ ಹತ್ತಿರ ಹತ್ತಿರ 57 ಲೀಟರ್. ಮೇಲೆ ಒಂದು ಇಂಚು ಖಾಲಿ ಬಿಡುತ್ತೀರಿ, ಕಲ್ಲೂ ಸ್ವಲ್ಪ ಜಾಗ ತಿನ್ನುತ್ತದೆ, ಹಾಗಾಗಿ ನೀರು 48 ಕೆ.ಜಿ. ಎಂದು ಹಿಡಿಯಿರಿ. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕೆ.ಜಿ. ತೂಗುತ್ತದೆ, ಈ ಅಳತೆಯ ಪೆಟ್ಟಿಗೆಗೆ 9 ಕೆ.ಜಿ. ಆಗುತ್ತದೆ. ಒಂದೂವರೆ ಇಂಚು ಹರಳು ಹಾಸಿದರೆ ಇನ್ನೊಂದು 11 ಕೆ.ಜಿ. ಒಟ್ಟು ಸುಮಾರು 70. ದಪ್ಪಗಿನ ಮನುಷ್ಯನೊಬ್ಬ ಹಗಲೂ ರಾತ್ರಿ ಇಳಿಯದೆ ಆ ಖಾನೆಯ ಮೇಲೆ ಕುಳಿತಂತೆ.

ನಮ್ಮಲ್ಲಿರುವವು ಒಂದೂವರೆ ಅಡಿಯ ಟ್ಯಾಂಕುಗಳು. ಒಂದೊಂದು 53 ಕೆ.ಜಿ. ಆಗುತ್ತದೆ. ಖಾನೆಗೆ ಎರಡು, ಮೂರು ಖಾನೆ, ಒಟ್ಟು 318 ಕೆ.ಜಿ. ರ‍್ಯಾಕು, ಪ್ಲೈವುಡ್ ಸೇರಿ 350.

ರ‍್ಯಾಕಿನ ಡಬ್ಬದ ಮೇಲೆ ‘ಖಾನೆಗೆ 100 ಕೆ.ಜಿ.’ ಎಂದು ಬರೆದಿದೆ. ನಂಬಬಹುದೇ?

ಆ ಲೆಕ್ಕ ಭಾರವನ್ನು ಖಾನೆಯ ತುಂಬ ಸಮನಾಗಿ ಹರಡಿದಾಗಿನದು. ರ‍್ಯಾಕು ಸೀದಾ ನಿಂತಿರಬೇಕು, ಬೋಲ್ಟುಗಳೆಲ್ಲ ಬಿಗಿಯಾಗಿರಬೇಕು ಎಂಬುದೂ ಅದರೊಳಗೇ ಬಂತು. ಜೊತೆಗೆ ಅದು ಮುರಿಯದೆ ತಡೆಯುವ ಭಾರ, ಬಾಗದೆ ತಡೆಯುವ ಭಾರವಲ್ಲ. ನಾನು ಬರೆದದ್ದರಲ್ಲಿ ಅರ್ಧ ಮಾತ್ರ ಹಿಡಿಯುತ್ತೇನೆ. 100 ಎಂದರೆ 50.

ಆನ್‌ಲೈನ್‌ನಲ್ಲಿ ಬರುವ, ಬೋಲ್ಟ್ ಇಲ್ಲದೆ ಸಿಕ್ಕಿಸಿ ನಿಲ್ಲಿಸುವ ರ‍್ಯಾಕುಗಳಿಗೆ ಎಂಡಿಎಫ್ ಇಲ್ಲವೇ ಪಾರ್ಟಿಕಲ್ ಬೋರ್ಡಿನ ಹಲಗೆ ಇರುತ್ತದೆ. ನೀರು ತಾಗಿದರೆ ಅದು ಹಪ್ಪಳದಂತೆ ಉಬ್ಬುತ್ತದೆ. ಕಂಬಗಳು ಗಟ್ಟಿ ಇದ್ದರೆ ಹಲಗೆ ತೆಗೆದು ಪ್ಲೈವುಡ್ ಹಾಕಿ.

ಅಂಗಡಿಯಲ್ಲಿ ಏನೆಂದು ಕೇಳಬೇಕು?

ನಾನು ಮೊದಲ ಸಲ ಹೋದಾಗ ಕೇಳಿದ್ದು, “ಎಷ್ಟ್ ಕೆ.ಜಿ. ತಡೀತೈತ್ರಿ?” ಎಂದು. “ಏನ ಇಡವ್ರು ಹೇಳ್ರಿ ಸರ?” ಎಂದರು. ಮೀನಿನ ಟ್ಯಾಂಕು ಎಂದೆ. “ಏನ್ ಆಗೂದಿಲ್ರಿ, ಕಣ್ ಮುಚ್ಕೊಂಡು ಒಯ್ರಿ” ಎಂದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ಒಯ್ದೆ. ಅಲ್ಲೇ ತಪ್ಪಿದ್ದು.

ಕೇಳಬೇಕಾದದ್ದು ಗೇಜು. ಗೇಜಿನ ಅಂಕಿ ಹೆಚ್ಚಾದಷ್ಟೂ ತಗಡು ತೆಳು. 14 ಗೇಜ್ ಎಂದರೆ 2 ಮಿ.ಮೀ., 18 ಎಂದರೆ 1.2, 22 ಎಂದರೆ 0.7. ಕಂಬದ ಆ್ಯಂಗಲ್ (L ಆಕಾರಕ್ಕೆ ಮಡಿಚಿದ ಪಟ್ಟಿ) 14 ಗೇಜ್ ಇರಲಿ, ಖಾನೆಯ ತಗಡು 18 ಇರಲಿ. 22 ಗೇಜಿನ ಖಾನೆ ಕಡತ, ಡಬ್ಬಿ, ಬಟ್ಟೆಗೆ ಸಾಕು. ಅಳತೆ ಕೇಳಿದರೆ 3 ಅಡಿ ಅಗಲದ್ದನ್ನೇ ಒಯ್ಯಿರಿ, 4 ಅಡಿಯದು ಬೇಡ. ಇಲ್ಲಿ ಒಂದು ಲೆಕ್ಕವಿದೆ: ಅಡಿಗೆ ಅಷ್ಟೇ ಭಾರ ಹೇರಿದರೂ ಉದ್ದ 3ರಿಂದ 4 ಅಡಿಗೆ ಏರಿದರೆ ಬಾಗು 3 ಪಟ್ಟಿಗಿಂತ ಹೆಚ್ಚಾಗುತ್ತದೆ. ಉದ್ದ ದುಪ್ಪಟ್ಟಾದರೆ 16 ಪಟ್ಟು. ಒಂದಡಿ ಜಾಸ್ತಿ ಸಿಕ್ಕಿತೆಂದು ಖುಷಿಪಡುವಂತಿಲ್ಲ.

ಆಳ 18 ಇಂಚು ಇದ್ದರೆ ಟ್ಯಾಂಕಿನ ಹಿಂದೆ ಪೈಪು, ವೈರಿಗೆ ಜಾಗ ಸಿಗುತ್ತದೆ. 12 ಇಂಚಿನ ಆಳದಲ್ಲಿ 12 ಇಂಚಿನ ಟ್ಯಾಂಕು ಕುಳಿತರೆ ಬೆರಳು ತೂರಿಸಲೂ ಆಗುವುದಿಲ್ಲ.

ಸಿದ್ಧ ರ‍್ಯಾಕು ಮನಸ್ಸಿಗೆ ಬರದಿದ್ದರೆ ಗೋಕುಲ ರಸ್ತೆಯ ಕಡೆ ವೆಲ್ಡಿಂಗ್ ಕೆಲಸದವರು ಬೇಕಾದಷ್ಟು ಮಂದಿ ಇದ್ದಾರೆ. ಚೌಕದ ಪೈಪಿನಲ್ಲಿ ನಿಮ್ಮ ಅಳತೆಗೆ ಮಾಡಿಸಬಹುದು. ಖರ್ಚು ಹೆಚ್ಚು, ಅಲುಗಾಟ ಕಡಿಮೆ. ಬಿಚ್ಚಲು ಬರುವುದಿಲ್ಲ, ಬಾಡಿಗೆ ಮನೆಯವರು ಬಾಗಿಲಿನ ಅಗಲ ಅಳೆದುಕೊಂಡು ಮಾಡಿಸಿ.

ಹನ್ನೆರಡನೆಯ ಟ್ಯಾಂಕು ಏನಾಯಿತು?

ಆ ಕಣ್ಣು ಮುಚ್ಚಿಕೊಂಡು ಒಯ್ದ ರ‍್ಯಾಕು 4 ಅಡಿಯದು, ಖಾನೆ 22 ಗೇಜಿನದು. ತುಂಬಿದ ದಿನ ಎಲ್ಲ ಚೆಂದ ಕಂಡಿತು. ಐದಾರು ವಾರದ ನಂತರ ನಡುವಿನ ಖಾನೆಯ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಒಂದು ಹನಿ. ಒರೆಸಿದೆ. ಮರುದಿನ ಮತ್ತೆ ಅಲ್ಲೇ ಒಂದು ಹನಿ. ಒಳಗಿನ ಗಪ್ಪಿ ಮೀನುಗಳು ಬೆವರುತ್ತಿವೆ ಎಂದು ಮನೆಯಲ್ಲಿ ಚೇಷ್ಟೆ ಮಾಡಿದರು. ಬಸ್ ಟಿಕೆಟ್ ಒಂದನ್ನು ಟ್ಯಾಂಕಿನ ತಳಕ್ಕೂ ಹಲಗೆಗೂ ನಡುವೆ ತೂರಿಸಿ ನೋಡಿದೆ. ಎರಡೂ ಬದಿಯಲ್ಲಿ ಹೋಗಲಿಲ್ಲ, ನಡುವೆ ಸರಾಗವಾಗಿ ಒಳಗೆ ಹೋಯಿತು. ಖಾನೆ ನಡುವೆ ಕುಗ್ಗಿತ್ತು, ಟ್ಯಾಂಕು ಎರಡು ತುದಿಗಳ ಮೇಲೆ ಸೇತುವೆಯಂತೆ ನಿಂತಿತ್ತು. ಮೂರನೆಯ ದಿನ ನಸುಕಿನಲ್ಲಿ ಟಪ್ ಎಂಬ ಸಪ್ಪಳ, ತಳದ ಗಾಜು ಸೀಳಿ ಖೋಲಿಯ ತುಂಬ ನೀರು. ಮೀನುಗಳನ್ನು ಕೊಡದಲ್ಲಿ ತುಂಬಿಕೊಂಡು ಉಳಿಸಿದೆವು. ಈಗಿನ ರ‍್ಯಾಕಿನಲ್ಲಿ ಅದರ ಜಾಗಕ್ಕೆ ಆಹಾರದ ಡಬ್ಬಿ, ಜಾಳಿಗೆ, ಒರೆಸುವ ಬಟ್ಟೆ ಬಂದಿವೆ. ಅಂಥದ್ದೊಂದು ಖಾಲಿ ಜಾಗ ಎಷ್ಟು ಬೇಕಾಗುತ್ತದೆಂಬುದು ಆಮೇಲೆ ತಿಳಿಯಿತು, ಹೀಗಾಗಿ ತುಂಬಲಿಲ್ಲ.

ಬಸ್ ಟಿಕೆಟಿನ ಪರೀಕ್ಷೆ ಮಾತ್ರ ಈಗಲೂ ತಿಂಗಳಿಗೊಮ್ಮೆ ನಡೆಯುತ್ತದೆ.

ರ‍್ಯಾಕು ಅಲುಗಾಡುತ್ತದೆ. ಬೋಲ್ಟ್ ಬಿಗಿ ಮಾಡಿದರೆ ಸಾಕೇ?

ಸಾಕಾಗುವುದಿಲ್ಲ. ನಾಲ್ಕು ಕಂಬ, ಮೂರು ಹಲಗೆ ಎಂದರೆ ಅದು ಚೌಕಟ್ಟು. ಬೆಂಕಿಪೊಟ್ಟಣದ ಮೇಲಿನ ಕವಚವನ್ನು ಬದಿಯಿಂದ ಒತ್ತಿದರೆ ಹೇಗೆ ವಾಲಿ ಚಪ್ಪಟೆಯಾಗುತ್ತದೋ ಇದೂ ಹಾಗೆಯೇ ವಾಲಲು ಹೊಂಚುತ್ತಿರುತ್ತದೆ. ಕಂಬಗಳು ಮೇಲಿನಿಂದ ಬಂದ ಭಾರವನ್ನು ಹೊರುತ್ತವೆ, ಅದರಲ್ಲಿ ಅನುಮಾನವಿಲ್ಲ. ಬದಿಯಿಂದ ಬಂದ ತಳ್ಳಿಗೆ ಅವಕ್ಕೆ ಶಕ್ತಿ ಇಲ್ಲ. ಅದಕ್ಕೆ ಕರ್ಣದ ಪಟ್ಟಿ ಬೇಕು: ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಪಟ್ಟಿ ಕತ್ತರಿಯಾಗಿ ಹಾಕಿ ಬೋಲ್ಟ್ ಮಾಡಿ. ಎರಡು ಬದಿಗೂ ಒಂದೊಂದು ಇರಲಿ. ತ್ರಿಕೋನ ವಾಲುವುದಿಲ್ಲ, ಚೌಕ ವಾಲುತ್ತದೆ, ಸೇತುವೆ ಕಟ್ಟುವವರು ತ್ರಿಕೋನ ಹಾಕುವುದು ಇದಕ್ಕೇ. ರ‍್ಯಾಕಿನ ಜೊತೆ ಕೊಡುವ ಪುಟ್ಟ ತ್ರಿಕೋನದ ತಗಡುಗಳನ್ನು ಕಸವೆಂದು ಎಸೆಯಬೇಡಿ. ಎಲ್ಲ ಖಾನೆಯ ಎಲ್ಲ ಮೂಲೆಗೂ ಅವು ಬೀಳಲಿ, ಮೂಲೆಗೆ ಎರಡು ಬೋಲ್ಟಿಗೆ ಕಡಿಮೆ ಬೇಡ. ಪಾನಾ ಹಾಕಿ ಬಿಗಿ ಮಾಡುವ ಮೊದಲು ರ‍್ಯಾಕನ್ನು ಅದು ನಿಲ್ಲುವ ಜಾಗದಲ್ಲೇ ನಿಲ್ಲಿಸಿ, ಸೊಟ್ಟ ಕುಳಿತದ್ದು ಬಿಗಿಯಾದ ಮೇಲೆ ನೆಟ್ಟಗಾಗುವುದಿಲ್ಲ.

ಆಮೇಲೆ ಗೋಡೆ. ಮೇಲಿನ ಖಾನೆಯ ಮಟ್ಟದಲ್ಲಿ ಎರಡು ಕಡೆ ಆ್ಯಂಕರ್ ಬೋಲ್ಟಿನಿಂದ ರ‍್ಯಾಕನ್ನು ಗೋಡೆಗೆ ಹಿಡಿಸಲೇಬೇಕು. ಬೋಲ್ಟು ಗಿಲಾವಿನಲ್ಲಿ ನಿಂತರೆ ಉಪಯೋಗವಿಲ್ಲ, ಇಟ್ಟಂಗಿಯೊಳಗೆ ಇಳಿಯಬೇಕು. ಗೋಡೆಗೂ ರ‍್ಯಾಕಿಗೂ ನಡುವೆ 3 ಇಂಚು ಬಿಟ್ಟು ಆ ಸಂದಿಯಲ್ಲಿ ಕಟ್ಟಿಗೆಯ ತುಂಡು ಕೊಟ್ಟರೆ ಪೈಪಿಗೂ ದಾರಿ ಸಿಗುತ್ತದೆ. ಮನೆಯಲ್ಲಿ ಸಣ್ಣ ಹುಡುಗರಿದ್ದರೆ ಈ ಮಾತನ್ನು ಎರಡು ಸಲ ಓದಿ. ಮೀನು ಮೇಲಿನ ಖಾನೆಯಲ್ಲಿ ಕಂಡರೆ ಅವರಿಗೆ ಕೆಳಗಿನ ಖಾನೆ ಏಣಿಯ ಮೆಟ್ಟಿಲು.

ತಗಡಿನ ಮೇಲೆ ಟ್ಯಾಂಕನ್ನು ಹಾಗೇ ಇಡಬಹುದೇ?

ಬೇಡ. ತಗಡಿನ ಮೇಲೆ 18 ಮಿ.ಮೀ. ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್, ಅದರ ಮೇಲೆ ಟ್ಯಾಂಕು. ಪ್ಲೈವುಡ್ ಖಾನೆಯ ನಾಲ್ಕೂ ಅಂಚಿಗೆ ಮುಟ್ಟುವಷ್ಟು ದೊಡ್ಡದಿರಲಿ, ಆಗ ಭಾರ ತಗಡಿನ ನಡುವೆ ಬೀಳದೆ ಅಂಚಿಗೆ ಹೋಗುತ್ತದೆ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಎಂಬ ಮುದ್ರೆ ನೋಡಿ, ಅದು ನೀರಿಗೆ ಬಾಳುವ ಮರೀನ್ ದರ್ಜೆ. ಕೊಯ್ದ ಅಂಚಿಗೆ ಬಣ್ಣ ಬಳಿಯದೆ ಬಿಟ್ಟರೆ ಮರೀನ್ ಆದರೂ ಅಲ್ಲಿಂದಲೇ ನೀರು ಕುಡಿಯುತ್ತದೆ.

ಥರ್ಮಾಕೋಲ್ ಸಣ್ಣ ಉಬ್ಬುತಗ್ಗನ್ನು ನುಂಗುತ್ತದೆ, ಸೊಟ್ಟ ಖಾನೆಯನ್ನು ನೆಟ್ಟಗೆ ಮಾಡುವುದಿಲ್ಲ. ಹಳೆಯ ಯೋಗಾ ಚಾಪೆ ಕತ್ತರಿಸಿ ಹಾಕಿದರೂ ನಡೆಯುತ್ತದೆ. ಕೆಳಗೆ ಪ್ಲಾಸ್ಟಿಕ್ ಚೌಕಟ್ಟು ಇರುವ ಟ್ಯಾಂಕಿಗೆ ಥರ್ಮಾಕೋಲ್ ಹಾಕಬೇಡಿ, ಅದರ ಭಾರ ಚೌಕಟ್ಟಿನ ಮೇಲೆಯೇ ಕೂಡಬೇಕು.

ಗೋಡೆಯ ಕಪಾಟಿನ ಕಡಪಾ ಕಲ್ಲಿನ ಮೇಲೆ?

ಒಂದು ಸಣ್ಣ ಟ್ಯಾಂಕು, ಅದೂ ಗೋಡೆಯೊಳಗೆ ಹೂತ ಬದಿಗೆ ಹತ್ತಿರ, ಆಗಬಹುದು. ಸಾಲಾಗಿ ಇಡಬೇಡಿ. ಕಬ್ಬಿಣ ಮುರಿಯುವ ಮೊದಲು ಬಾಗಿ ತೋರಿಸುತ್ತದೆ, ಕಲ್ಲು ಏನೂ ಹೇಳದೆ ಒಮ್ಮೆಲೇ ತುಂಡಾಗುತ್ತದೆ.

ಟಿವಿ ಶೋಕೇಸ್, ಪುಸ್ತಕದ ಕಟ್ಟಿಗೆ ಕಪಾಟು?

ಬೇಡ.

ನೆಲ ತಡೆಯುತ್ತದೆಯೇ? ನಾವು ಮೊದಲನೇ ಮಹಡಿಯಲ್ಲಿದ್ದೇವೆ.

ಮನೆಯ ಖೋಲಿಗಳ ಸ್ಲ್ಯಾಬಿಗೆ ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರ ಹಿಡಿಯುತ್ತಾರೆ. ನಮ್ಮ ರ‍್ಯಾಕು ನಿಂತ ಜಾಗ 3 ಅಡಿಗೆ ಒಂದೂವರೆ ಅಡಿ, ಅಂದರೆ 0.42 ಚದರ ಮೀಟರ್, ಅದರ ಮೇಲೆ 350 ಕೆ.ಜಿ. ಆ ತುಂಡಷ್ಟನ್ನೇ ಹಿಡಿದು ಲೆಕ್ಕ ಹಾಕಿದರೆ ಮೀಟರಿಗೆ 800ಕ್ಕೂ ಹೆಚ್ಚು. ಹೆದರಬೇಡಿ, ಸ್ಲ್ಯಾಬು ಭಾರವನ್ನು ಸುತ್ತಲೂ ಹಂಚುತ್ತದೆ, ಕೆಳಗೆ ಬೀಮು ಇಲ್ಲವೇ ಗೋಡೆ ಇರುವ ಕಡೆ ನಿಲ್ಲಿಸಿದರೆ ಅದೇ ಹೊರುತ್ತದೆ. ಖೋಲಿಯ ನಟ್ಟನಡುವೆ ನಿಲ್ಲಿಸುವುದು ಕೆಟ್ಟ ಆಯ್ಕೆ. ಬಾಲ್ಕನಿಯಂಥ ಚಾಚಿದ ಸ್ಲ್ಯಾಬಿನ ತುದಿ ಇನ್ನೂ ಕೆಟ್ಟದ್ದು. ಒಂದೇ ಖೋಲಿಯಲ್ಲಿ ಎರಡಕ್ಕಿಂತ ಹೆಚ್ಚು ರ‍್ಯಾಕು ಬಂದರೆ, ಅಥವಾ ಬಿರುಕು, ನೀರು ಜಿನುಗುವ ಹಳೆಯ ಸ್ಲ್ಯಾಬಾದರೆ ಇಂಜಿನಿಯರಿಗೆ ತೋರಿಸಿ.

ಗದಗ, ನವಲಗುಂದದ ಕಡೆಯ ಮಣ್ಣಿನ ಮಾಳಿಗೆ ಮನೆ, ತೊಲೆ ಜಂತಿಯ ಅಟ್ಟ ಇರುವವರು ನೆಲದ ಮೇಲೆಯೇ ಇಡಿ. ಅಟ್ಟ ಜೋಳದ ಚೀಲ ಹೊತ್ತಿದೆ ಎಂದು ಒಬ್ಬರು ನನ್ನೊಡನೆ ವಾದಿಸಿದ್ದರು. ಚೀಲ ಬೇಸಿಗೆ ಮುಗಿಯುವಷ್ಟರಲ್ಲಿ ಕರಗುತ್ತದೆ, ಟ್ಯಾಂಕು ಕರಗುವುದಿಲ್ಲ.

ನೆಲದ ಮೇಲೆ ಇಟ್ಟರೆ ಚಿಂತೆ ಇಲ್ಲವಲ್ಲ?

ನಮ್ಮ ಕಡೆ ಇದೆ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಮೇಲಿನ ನೆಲವೂ ಅದರ ಹಿಂದೆ ಏಳುತ್ತದೆ, ಇಳಿಯುತ್ತದೆ. ಏಪ್ರಿಲ್‌ನಲ್ಲಿ ಸಮಮಟ್ಟದಲ್ಲಿದ್ದ ರ‍್ಯಾಕು ಸೆಪ್ಟೆಂಬರಿನಲ್ಲಿ ವಾಲಿರುತ್ತದೆ. ಕಂಡುಹಿಡಿಯಲು ಉಪಕರಣವೇ ಬೇಡ, ಟ್ಯಾಂಕಿನ ನೀರಿನ ಗೆರೆ ಮೇಲಿನ ಅಂಚಿನಿಂದ ಎರಡೂ ಬದಿ ಎಷ್ಟಿದೆ ಎಂದು ಸ್ಕೇಲಿನಿಂದ ಅಳೆಯಿರಿ. 3 ಅಡಿಗೆ 2-3 ಮಿ.ಮೀ. ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಇಡೀ ಟ್ಯಾಂಕು ಒಂದು ಬದಿಗೆ ವಾಲುವುದಕ್ಕಿಂತ ಕೇಡು, ಮೂರು ಮೂಲೆ ಕುಳಿತು ನಾಲ್ಕನೆಯದು ಗಾಳಿಯಲ್ಲಿರುವುದು. ಗಾಜು ತಿರುಚಿಕೊಳ್ಳುವುದು ಆಗಲೇ.

ಶಹಾಬಾದ್ ಫರಸಿ, ಟೈಲ್ಸ್ ಎರಡಕ್ಕೂ ಇನ್ನೊಂದು ಮಾತು. 350 ಕೆ.ಜಿ.ಯನ್ನು ನಾಲ್ಕು ಕಂಬಕ್ಕೆ ಹಂಚಿದರೆ ಒಂದಕ್ಕೆ 85ರಿಂದ 90 ಬರುತ್ತದೆ. 2 ಮಿ.ಮೀ. ದಪ್ಪದ ಆ್ಯಂಗಲಿನ ತುದಿ ನೆಲಕ್ಕೆ ತಾಗುವ ಜಾಗ ಒಂದೂವರೆ ಚದರ ಸೆಂಟಿಮೀಟರ್. ಟೈಲ್ಸಿನ ಕೆಳಗೆ ಟೊಳ್ಳಿದ್ದರೆ ಚಾಕು ಚುಚ್ಚಿದಂತೆ ಒಡೆಯುತ್ತದೆ. ಅದೇ ಕಂಬದ ಕೆಳಗೆ 4 ಇಂಚಿನ ಚೌಕದ ದಪ್ಪ ಕಬ್ಬಿಣದ ಪಟ್ಟಿ ಇಟ್ಟರೆ ಒತ್ತಡ ಚದರ ಸೆಂಟಿಮೀಟರಿಗೆ 1 ಕೆ.ಜಿ.ಗಿಂತ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಬೂಟು ಸಾಲದು. ಮಟ್ಟ ಹೊಂದಿಸಲು ಈ ಪಟ್ಟಿಯ ಕೆಳಗೇ ತೆಳು ತಗಡು ಕೊಡಿ. ಟ್ಯಾಂಕಿನ ಕೆಳಗೆ ರಟ್ಟಿನ ಚೂರು ತುರುಕುವುದು ಬೇಡವೇ ಬೇಡ. ಗೌಂಡಿಯ ಹತ್ತಿರ ಇರುವ ಲೆವೆಲ್ ಪೈಪು ಅಥವಾ ರಸಮಟ್ಟ ಒಂದು ದಿನಕ್ಕೆ ಕೇಳಿ ತಂದರಾಯಿತು.

ಖಾನೆಗಳ ನಡುವೆ ಎಷ್ಟು ಅಂತರ ಬಿಡಬೇಕು?

ಟ್ಯಾಂಕಿನ ಬಾಯಿಂದ ಮೇಲಿನ ಖಾನೆಯ ತಳಕ್ಕೆ 10ರಿಂದ 12 ಇಂಚು. 6 ಇಂಚು ಬಿಟ್ಟರೆ ಜಾಳಿಗೆ ಒಳಗೆ ಹೋಗುತ್ತದೆ, ಮೀನು ಹಿಡಿದ ಜಾಳಿಗೆ ಹೊರಗೆ ಬರುವುದಿಲ್ಲ. ತೀರಾ ಕೆಳಗಿನ ಖಾನೆ ನೆಲದಿಂದ 10 ಇಂಚಾದರೂ ಮೇಲಿರಲಿ, ಇಲ್ಲದಿದ್ದರೆ ಪೈಪು ಹಾಕಿ ನೀರು ಇಳಿಸಲು ಬಕೆಟಿಗೆ ಇಳಿಜಾರೇ ಸಿಗದು.

ಯಾವ ಟ್ಯಾಂಕು ಯಾವ ಖಾನೆಗೆ?

ಭಾರದ್ದು ಕೆಳಗೆ. ಅದರ ಮೇಲೆ ಚರ್ಚೆ ಇಲ್ಲ. ಮೀನಿನ ಲೆಕ್ಕದಲ್ಲಿ ನೋಡಿದರೆ ಬಿಸಿಗಾಳಿ ಮೇಲೇರುತ್ತದೆ, ಚಳಿಗಾಲದ ರಾತ್ರಿ ನಮ್ಮ ಮೇಲಿನ ಖಾನೆಗೂ ಕೆಳಗಿನದಕ್ಕೂ 2 ಡಿಗ್ರಿ ವ್ಯತ್ಯಾಸ ಕಂಡಿದ್ದೇನೆ. ಬೆಟ್ಟಾ ಮೀನಿಗೆ ಬೆಚ್ಚಗೆ ಬೇಕು, ಮೇಲಿಡಿ. ಗೋಲ್ಡ್‌ಫಿಶ್‌ಗೆ ತಂಪು ಹಿತ, ಕೆಳಗಿಡಿ. ಗಪ್ಪಿ ಎಲ್ಲಿಟ್ಟರೂ ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಟ್ಯಾಂಕುಗಳು ಹೆಚ್ಚಾಗುವುದು ಅದರಿಂದಲೇ. ಹೀಟರ್ ಬೇಕಾದವರು ಲೀಟರಿಗೆ 1 ವ್ಯಾಟ್ ಎಂದು ಹಿಡಿಯಿರಿ.

ಹೆಚ್ಚಾದ ಮರಿಗಳನ್ನು ಉಣಕಲ್ ಕೆರೆಗೆ ಬಿಡಲು ಹೋಗಬೇಡಿ. ಅಲ್ಲಿಯ ಮೀನುಗಳಿಗೆ ನಮ್ಮ ಮೀನಿನ ರೋಗ ಬೇಕಾಗಿಲ್ಲ.

ಇಷ್ಟೊಂದು ಟ್ಯಾಂಕಿಗೆ ಇಷ್ಟೊಂದು ಪಂಪು ಬೇಕೇ? ಕರೆಂಟ್ ಹೋದರೆ?

ಒಂದೇ ದೊಡ್ಡ ಗಾಳಿ ಪಂಪು, ಅದರಿಂದ ರ‍್ಯಾಕಿನ ಹಿಂದೆ ಅರ್ಧ ಇಂಚಿನ ಪಿವಿಸಿ ಪೈಪು, ಪೈಪಿಗೆ ಟ್ಯಾಂಕಿಗೊಂದು ಪುಟ್ಟ ವಾಲ್ವು, ಪ್ರತಿ ಟ್ಯಾಂಕಿನಲ್ಲಿ ಒಂದು ಸ್ಪಂಜಿನ ಫಿಲ್ಟರು. ಖಾನೆ ಮೇಲಿದೆಯೋ ಕೆಳಗಿದೆಯೋ ಗಾಳಿಗೆ ಲೆಕ್ಕಕ್ಕಿಲ್ಲ, ಸ್ಪಂಜು ಎಷ್ಟು ಆಳದ ನೀರಿನಲ್ಲಿದೆ ಎಂಬುದಷ್ಟೇ ಲೆಕ್ಕ. ಆಳ ಕಡಿಮೆ ಇರುವ ಟ್ಯಾಂಕು ಎಲ್ಲರ ಗಾಳಿಯನ್ನೂ ಕದಿಯುತ್ತದೆ, ಅದರ ವಾಲ್ವು ಸ್ವಲ್ಪ ಹಿಡಿಯಿರಿ.

ಪಂಪನ್ನು ಎಲ್ಲ ಟ್ಯಾಂಕಿನ ನೀರಿಗಿಂತ ಮೇಲೆ ತೂಗುಹಾಕಿ. ಕೆಳಗಿಟ್ಟರೆ, ಕರೆಂಟ್ ಹೋದ ಕೂಡಲೇ ನೀರು ಪೈಪಿನಲ್ಲಿ ಹಿಮ್ಮುಖವಾಗಿ ಇಳಿದು ಪಂಪಿಗೂ ಅಲ್ಲಿಂದ ನೆಲಕ್ಕೂ ಬರುತ್ತದೆ. ನಾನ್-ರಿಟರ್ನ್ ವಾಲ್ವು ಹಾಕಿದರೂ ಸರಿ, ಎರಡೂ ಮಾಡಿದರೆ ಇನ್ನೂ ಸರಿ. ಇನ್ವರ್ಟರಿಗೆ ಪಂಪನ್ನಷ್ಟೇ ಕೊಡಿ, ಹೀಟರು ಕೊಟ್ಟರೆ ಬ್ಯಾಟರಿ ಕುಳಿತುಬಿಡುತ್ತದೆ.

ಕಬ್ಬಿಣ, ನೀರು, ಕರೆಂಟು ಮೂರೂ ಒಂದೇ ಕಡೆ. ಅಪಾಯವಲ್ಲವೇ?

ಅಪಾಯವೇ. ರ‍್ಯಾಕಿನ ಕಂಬಕ್ಕೆ ಅರ್ಥಿಂಗ್ ಕೊಡಿಸಿ, ಆ ಖೋಲಿಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎಲೆಕ್ಟ್ರಿಶಿಯನ್ನಿಗೆ ಅರ್ಧ ದಿನದ ಕೆಲಸ. ಎಕ್ಸ್‌ಟೆನ್ಶನ್ ಬಾಕ್ಸು ಟ್ಯಾಂಕಿನ ಕೆಳಗೆ ಬೀಳದಂತೆ ಬದಿಯ ಗೋಡೆಗೆ ಎತ್ತರದಲ್ಲಿರಲಿ. ಪ್ರತಿ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರಲಿ, ವೈರಿನಗುಂಟ ಬಂದ ಹನಿ ಆ ಜೋಲಿನಲ್ಲೇ ಉದುರಿಹೋಗುತ್ತದೆ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ.

ನಳ ಬರುವುದೇ ಅಪರೂಪ. ನೀರು ಬದಲಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮಲಪ್ರಭೆಯ ನೀರು ನವಿಲುತೀರ್ಥದ ರೇಣುಕಾ ಸಾಗರದಿಂದ ಬರುತ್ತದೆ. ಕೆಲವು ವಾರ್ಡುಗಳಿಗೆ 2008ರಿಂದಲೇ ದಿನದ 24 ತಾಸು ನೀರು ಬಂತು, ಉಳಿದ ಓಣಿಗಳವರು ನಳದ ದಿನ ಎಣಿಸುತ್ತ ಕುಳಿತರು. ನಮ್ಮ ಒಂದು ರ‍್ಯಾಕಿಗೆ ವಾರಕ್ಕೆ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಬದಲಿಸಲು 75 ಲೀಟರ್ ಹಿಡಿಯುತ್ತದೆ, ಅಂದರೆ ಐದು ಕೊಡ. ಡ್ರಮ್ಮಿನಲ್ಲಿ ಹಿಡಿದಿಟ್ಟು ಒಂದು ರಾತ್ರಿ ಗಾಳಿ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ನಳ ಬಂದ ಕೂಡಲೇ ಹಾಕುವ ಅವಸರವಿದ್ದರೆ ಕ್ಲೋರಿನ್ ತೆಗೆಯುವ ಔಷಧ ಬೆರೆಸಿ. 200 ಲೀಟರಿನ ಆ ಡ್ರಮ್ಮೂ 200 ಕೆ.ಜಿ. ಎಂಬುದನ್ನು ನೆಲದ ಲೆಕ್ಕದಲ್ಲಿ ಮರೆಯಬೇಡಿ.

ಬೋರಿನ ಗಡಸು ನೀರೇ ಇದ್ದರೆ ಗಪ್ಪಿ, ಮೊಲ್ಲಿ ಸಾಕಿ, ಅವಕ್ಕೆ ಅದು ಒಗ್ಗುತ್ತದೆ. ತೆಗೆದ ನೀರನ್ನು ಬಚ್ಚಲಿಗೆ ಬಿಡಬೇಡಿ, ನಮ್ಮ ಕರಿಬೇವು ಅದರಲ್ಲೇ ಬೆಳೆದು ಕಾಂಪೌಂಡ್ ದಾಟಿದೆ.

ತುಕ್ಕು?

ಬೋಲ್ಟಿನ ಸುತ್ತ, ಖಾನೆಯ ಮಡಿಚಿದ ಅಂಚಿನೊಳಗೆ, ಕಂಬದ ಬುಡದಲ್ಲಿ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಉಜ್ಜಿ ರೆಡ್ ಆಕ್ಸೈಡ್, ಮೇಲೆ ಆಯಿಲ್ ಪೇಂಟ್. ಗುಜರಿಯಲ್ಲಿ ಸಿಕ್ಕ ಹಳೆಯ ರ‍್ಯಾಕಾದರೆ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ಹೊಪ್ಪಳೆ ಎದ್ದರೆ ಬಿಟ್ಟುಬನ್ನಿ.

ಮೊದಲ ಸಲ ನೀರು ತುಂಬುವುದು ಹೇಗೆ?

ಕೆಳಗಿನ ಖಾನೆಯಿಂದ ಶುರು ಮಾಡಿ, ಎಲ್ಲವನ್ನೂ ಅರ್ಧ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಸ್ ಟಿಕೆಟ್, ಸ್ಕೇಲು ಹಿಡಿದು ಒಂದು ಸುತ್ತು ಬನ್ನಿ, ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ಕೊಡಿ. ಸರಿ ಇದ್ದರೆ ಪೂರ್ತಿ ತುಂಬಿ ಇನ್ನೆರಡು ದಿನ ಬರೀ ನೀರೇ ಇರಲಿ. ಮೀನು ಆಮೇಲೆ.

ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸಬೇಕು. ಅರ್ಧ ನೀರು ತೆಗೆದು ರ‍್ಯಾಕು ಸರಿಸಬಹುದೇ?

ಆಗದು. ಅರ್ಧ ನೀರಿನ ರ‍್ಯಾಕನ್ನು ಒಂದು ಇಂಚು ತಳ್ಳಿದರೂ ಚೌಕಟ್ಟು ತಿರುಚುತ್ತದೆ, ನೀರು ಆಚೀಚೆ ಹೊಯ್ದಾಡಿ ಗಾಜಿಗೆ ಗುದ್ದುತ್ತದೆ. ಸರಿಸಲೇಬೇಕಾದರೆ ಎಲ್ಲ ಖಾಲಿ ಮಾಡಿ, ಟ್ಯಾಂಕು ಇಳಿಸಿ, ಗೋಡೆಯ ಬೋಲ್ಟು ಬಿಚ್ಚಿ, ಆಮೇಲೆ ಇಬ್ಬರು ಎತ್ತಿ. ರ‍್ಯಾಕು ನಿಲ್ಲಿಸುವ ಮೊದಲೇ ಆ ಗೋಡೆಗೆ ಬಣ್ಣ ಹೊಡೆಸಿಕೊಳ್ಳುವುದು ಜಾಣತನ. ನಮಗೆ ಅದು ಹೊಳೆಯಲಿಲ್ಲ. ಖೋಲಿಯ ಮೂರು ಗೋಡೆ ಈಗ ಕೆನೆಬಣ್ಣ, ರ‍್ಯಾಕಿನ ಹಿಂದಿನದು ಇನ್ನೂ ಹಳೆಯ ತಿಳಿಹಸಿರು. ಬಂದವರು ಮೀನಿಗೆಂದೇ ಬಳಿಸಿದ್ದೀರಾ ಎಂದು ಕೇಳುತ್ತಾರೆ, ನಾನು ಹೌದು ಎನ್ನುತ್ತೇನೆ.